ಒಂದು ಬಾಗಿಲಿಗೆ ಒಂಬತ್ತು ಗಂಡಸರು

ನಮ್ಮ ಸೊಸೈಟಿಯ ನಿರ್ದೇಶಕ ಮಂಡಳಿಯಲ್ಲಿ ಒಂಬತ್ತು ಜನ, ಒಂಬತ್ತೂ ಗಂಡಸರು. ಮಳೆಗಾಲದ ಕಡಲಿಗೆ ಹೆದರದವರು, ಬಂದರಿನ ಜಗಳಕ್ಕೆ ಹೆದರದವರು, ಸ್ವಂತ ಹೆಂಡತಿಯರಿಗೂ ಅಷ್ಟೇನೂ ಹೆದರದವರು. ಆದರೆ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕು, ಒಂಬತ್ತೂ ತಲೆಗಳು ಚಹಾದ ಲೋಟದ ಮೇಲೆ ಬಗ್ಗುತ್ತಿದ್ದವು. ಆ ಶಬ್ದ ಶೌಚಾಲಯ. ಅದನ್ನು ಅವರ ಎದುರಿಗೆ ಮತ್ತೆ ಮತ್ತೆ ಹೇಳಬೇಕಾಗಿ ಬಂದದ್ದು ನನ್ನ ಹಣೆಬರಹ.

ನಾನು ಅಲ್ಲಿಗೆ ಗುಮಾಸ್ತೆಯಾಗಿ ಸೇರಿದ್ದು ತೊಂಬತ್ತೇಳರಲ್ಲಿ. ಕಿರಿಮಂಜೇಶ್ವರದಿಂದ ಸ್ವಲ್ಪ ಈಚೆ, ಹೆದ್ದಾರಿಗೆ ತಾಗಿಕೊಂಡು, ಕೆಳಗೆ ಡೀಸೆಲ್ ಗೋದಾಮು, ಮೇಲೆ ಆಫೀಸು. ಬೋರ್ಡಿನಲ್ಲಿ ಮೀನುಗಾರರ ಸಹಕಾರಿ ಸಂಘ ಅಂತ ಉದ್ದಕ್ಕೆ ಬರೆದಿತ್ತು. ಊರಿಗೆಲ್ಲ ಅದು ಬರೀ ಸೊಸೈಟಿ. ಕೆಲವು ವರ್ಷಗಳ ನಂತರ ಹಳೆಯ ಕಾರ್ಯದರ್ಶಿಗಳು ನಿವೃತ್ತರಾದರು, ಅವರ ಕುರ್ಚಿ ನನಗೆ ಸಿಕ್ಕಿತು. ಯೋಗ್ಯತೆ ನೋಡಿ ಕೊಟ್ಟರು ಅಂತ ಹೇಳಿಕೊಳ್ಳಲು ನನಗೂ ಆಸೆಯಿದೆ. ನಿಜವೇನೆಂದರೆ, ಯಾವ ಕಪಾಟಿನಲ್ಲಿ ಯಾವುದಿದೆ ಅಂತ ನನ್ನ ಹೊರತು ಇನ್ಯಾರಿಗೂ ಗೊತ್ತಿರಲಿಲ್ಲ.

ಆಫೀಸಿನ ಹಿಂದೆ ಸೊಸೈಟಿಯದೇ ಜಾಗದಲ್ಲಿ ಮೀನು ಮಾರುಕಟ್ಟೆ. ಶೀಟಿನ ಮಾಡು, ಸಿಮೆಂಟಿನ ನೆಲ, ಎರಡು ಸಾಲು ಹೆಂಗಸರು. ರಸ್ತೆಗೆ ಹತ್ತಿರದ ಮೊದಲನೇ ಜಾಗ ನನ್ನ ಅಮ್ಮನದು. ಬೆಳಕು ಹರಿಯುವ ಮೊದಲೇ ಎದ್ದು ಬಂದರಿನ ಏಲಂನಲ್ಲಿ ಮೀನು ಹಿಡಿದು, ಬಿಸಿಲು ಏರುವ ಹೊತ್ತಿಗೆ ಬುಟ್ಟಿಯ ಮುಂದೆ ಕೂತರೆ ಏಳುವುದು ಮಧ್ಯಾಹ್ನ ಕಳೆದ ಮೇಲೆ. ಪಕ್ಕದಲ್ಲಿ ಒಂದು ಕೊಡ ನೀರು ಇಟ್ಟುಕೊಳ್ಳುತ್ತಿದ್ದಳು. ಅದು ಮೀನಿಗೆ. ಆಗಾಗ ಬೊಗಸೆಯಲ್ಲಿ ತೆಗೆದು ಬಂಗುಡೆಯ ಮೇಲೆ ಚಿಮುಕಿಸುವುದು, ಮೀನು ಹೊಳೆಯುವ ಹಾಗೆ ಮಾಡುವುದು. ತಾನು ಮಾತ್ರ ಒಂದು ಹನಿ ಬಾಯಿಗೆ ಹಾಕುತ್ತಿರಲಿಲ್ಲ. ಮಧ್ಯಾಹ್ನ ಮನೆಗೆ ಬಂದವಳು ಯಾರ ಹತ್ತಿರವೂ ಮಾತಾಡದೆ ಸೀದಾ ಹಿತ್ತಲಿಗೆ ಹೋಗುತ್ತಿದ್ದಳು. ಅಲ್ಲಿಂದ ಬಂದು ಅಡುಗೆಮನೆಯಲ್ಲಿ ನಿಂತೇ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಮೀನು ಮಾರುವ ಹೆಂಗಸರಿಗೆ ಹಗಲು ಬಾಯಾರಿಕೆಯೇ ಆಗುವುದಿಲ್ಲ ಅಂತ ನಾನು ಸಣ್ಣವಳಿದ್ದಾಗ ನಂಬಿದ್ದೆ.

ಕಾರಣ ಬಹಳ ಸಾದಾ. ಕುಡಿದರೆ ಹೋಗಬೇಕು, ಹೋಗಲು ಜಾಗ ಇಲ್ಲ. ಮುಂದೆ ಹೆದ್ದಾರಿ, ಹಿಂದೆ ಕಡಲತಡಿಯ ಹೊಯ್ಗೆ, ನಡುವೆ ಒಂದು ಗಾಳಿಮರದ ತೋಪು. ಆ ತೋಪು ಗಂಡಸರ ಸ್ವತ್ತು. ಹೀಗೆ ವರ್ಷಗಟ್ಟಲೆ ಕೂತದ್ದಕ್ಕೆ ಅಮ್ಮನಿಗೆ ಉರಿಮೂತ್ರ, ಅದರ ಹಿಂದೆ ಚಳಿಜ್ವರ. ಎರಡು ಸಲ ಕುಂದಾಪುರದ ಆಸ್ಪತ್ರೆಯಲ್ಲಿ ಮಲಗಿಸಿದೆವು. ಎರಡನೇ ಸಲ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನೊಮ್ಮೆ ಹೀಗಾದರೆ ಮೂತ್ರಪಿಂಡಕ್ಕೇ ಬರುತ್ತದೆ, ದಿನವಿಡೀ ನೀರು ಕುಡಿಯಲೇಬೇಕು ಅಂದರು. ಅಮ್ಮನಿಗೆ ಹೇಳಿದೆ. ಅವಳು ತಲೆಯಾಡಿಸಿದಳು.

"ಡಾಕ್ಟ್ರಿಗೆಂತ ಹೆಣೆ," ಅಂದಳು. "ಅವ್ರ್ ಕೂಕಂಬಲ್ಲೇ ಹಿಂದ್ ಪಾಯ್ಖಾನೆ ಇತ್ತ್."

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ನಿಧಾನ. ಡಾಕ್ಟರ ಮೇಲೆ ಅಲ್ಲ, ಅಮ್ಮನ ಮೇಲೂ ಅಲ್ಲ. ಸೊಸೈಟಿಯ ಕಾರ್ಯದರ್ಶಿ ನಾನು, ಜಾಗ ಸೊಸೈಟಿಯದು, ಕ್ಷೇಮನಿಧಿ ಅಂತ ಒಂದು ನಿಧಿ ಇದೆ, ಅದರಲ್ಲಿ ಯಾರ ಕ್ಷೇಮವೂ ನಡೆದದ್ದು ನಾನು ಕಂಡಿಲ್ಲ. ಆ ತಿಂಗಳ ಸಭೆಗೇ ವಿಷಯ ಇಟ್ಟೆ: ಮೀನು ಮಾರುಕಟ್ಟೆಯ ಹೆಂಗಸರಿಗೆ ಶೌಚಾಲಯ.

ನಮ್ಮ ಸಭೆಯ ಕ್ರಮ ಹೇಳಬೇಕು. ಗೋಳಿಬಜೆ ಬರುವ ತನಕ ಕೋರಂ ಆಗುತ್ತಿರಲಿಲ್ಲ, ಗೋಳಿಬಜೆ ಮುಗಿದ ಮೇಲೆ ಕೋರಂ ಉಳಿಯುತ್ತಿರಲಿಲ್ಲ. ಸೊಸೈಟಿಯ ಭವಿಷ್ಯವೆಲ್ಲ ಆ ನಡುವಿನ ಹೊತ್ತಿನಲ್ಲೇ ತೀರ್ಮಾನವಾಗಬೇಕು. ಮಾತಾಡುವವರು ಮುಖ್ಯವಾಗಿ ಮೂರು ಜನ. ಒಬ್ಬರು ಅಧ್ಯಕ್ಷರು. ಇನ್ನೊಬ್ಬರು ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಬಂದವರು, ಅವರನ್ನು ಎಲ್ಲರೂ ಬೊಂಬಾಯಿ ಅಣ್ಣ ಅನ್ನುತ್ತಿದ್ದರು. ಮೂರನೆಯವರು ಅಮ್ಮನ ತಮ್ಮ, ನನ್ನ ಸ್ವಂತ ಮಾವ. ಉಳಿದ ಆರು ಜನ ತಿನ್ನುತ್ತಿದ್ದರು, ತಿಂದು ತಲೆಯಾಡಿಸುತ್ತಿದ್ದರು.

ನಾನು ವಿಷಯ ಓದಿದೆ. ಒಬ್ಬರು ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದಿದವರು ಅಲ್ಲೇ ಬಿಟ್ಟರು. ಮಾವ ಕಿಟಕಿಯಾಚೆ ಯಾವುದೋ ದೋಣಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅಲ್ಲಿ ದೋಣಿ ಇರಲಿಲ್ಲ.

"ವಿಷ್ಯ ಒಳ್ಳೇದೇ," ಅಂದರು ಅಧ್ಯಕ್ಷರು. "ಕಾಂಬ."

ಈ ಕಾಂಬ ಅನ್ನುವುದು ನಮ್ಮ ಕಡೆಯ ದೊಡ್ಡ ಆಸ್ತಿ. ನೋಡೋಣ ಅಂತ ಅರ್ಥ. ಇಲ್ಲ ಅಂದರೆ ಜಗಳ ಮಾಡಬಹುದು, ಹೌದು ಅಂದರೆ ಕೆಲಸ ಶುರು ಮಾಡಬಹುದು. ಕಾಂಬ ಅಂದರೆ ಚಹಾ ಕುಡಿದು ಮನೆಗೆ ಹೋಗಬೇಕು. ಅದೇ ಸಭೆಯಲ್ಲಿ, ಇನ್ನೊಂದು ಗೋಳಿಬಜೆ ತಿಂದು ಮುಗಿಸುವಷ್ಟರಲ್ಲಿ, ಹೆದ್ದಾರಿಯಿಂದ ಸೊಸೈಟಿಗೆ ತಿರುಗುವಲ್ಲಿ ಒಂದು ಸ್ವಾಗತ ಕಮಾನು ಮಂಜೂರಾಯಿತು. ಕಲ್ಲಿನ ಮೇಲೆ ಒಂಬತ್ತೂ ಜನರ ಹೆಸರು ಕೆತ್ತಿಸುವುದೆಂದೂ ಆಯಿತು. ಆ ಕಮಾನಿನಡಿ ನುಸುಳಿ ಇವತ್ತಿಗೂ ಮುಖ್ಯವಾಗಿ ದನಗಳು ಬರುತ್ತವೆ.

ಅಧ್ಯಕ್ಷರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಮಾರುಕಟ್ಟೆಯ ಎದುರಿಗೇ ಅವರ ಅಂಗಡಿ: ಬಲೆ, ಹಗ್ಗ, ಟಾರ್ಚು, ಕೊಡೆ, ರೈನ್‌ಕೋಟು. ಅಂಗಡಿಯ ಮುಂದೆ ಒಂದು ಬೆಂಚು, ಬೆಂಚಿನ ಮೇಲೆ ಪೇಪರು ಓದುವ ನಾಲ್ಕಾರು ಗಂಡಸರು. ಅಧ್ಯಕ್ಷರು ದೇವರಿಗಿಂತ ಒಂದು ಕೈ ಹೆಚ್ಚಾಗಿ ನಂಬುತ್ತಿದ್ದದ್ದು ಬೋಣಿಯನ್ನು. ದಿನದ ಮೊದಲ ವ್ಯಾಪಾರ ಕೈಗೆ ಬಂದ ಕೂಡಲೇ ಆ ದುಡ್ಡನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದರು. ಬೋಣಿಗೆ ಮೊದಲು ಸಾಲ ಇಲ್ಲ, ಚಿಲ್ಲರೆ ಇಲ್ಲ, ಮಾತೂ ಕಡಿಮೆ. ಬೋಣಿಯಾಗಿ ಹೋದ ಮಾಲು ಮತ್ತೆ ವಾಪಸು ಇಲ್ಲ.

ಒಮ್ಮೆ ಊರಿನ ನಿವೃತ್ತ ಮಾಷ್ಟ್ರು, ಆರಡಿ ಎತ್ತರದ ಮನುಷ್ಯ, ಬೆಳಿಗ್ಗೆ ಗಡಿಬಿಡಿಯಲ್ಲಿ ಒಂದು ರೈನ್‌ಕೋಟು ತೆಗೆದುಕೊಂಡು ಹೋದರು. ಮನೆಗೆ ಹೋಗಿ ಹಾಕಿ ನೋಡಿದರೆ ಅದು ಶಾಲೆ ಮಕ್ಕಳದು. ಅರ್ಧ ಗಂಟೆಯಲ್ಲಿ ತಿರುಗಿ ತಂದರು. ಅಧ್ಯಕ್ಷರು ಮುಟ್ಟಲೂ ಇಲ್ಲ.

"ಬೋಣಿದ್ ಮಾಷ್ಟ್ರೆ," ಅಂದರು. "ತಿರ್ಗಿ ತಕಂಡ್ರೆ ನಿಮ್ಗೂ ಒಳ್ಳೇದಲ್ಲ, ನಂಗೂ ಒಳ್ಳೇದಲ್ಲ."

ಮಾಷ್ಟ್ರು ಆ ಮಳೆಗಾಲ ಪೂರ್ತಿ ಸೊಂಟದ ತನಕ ಬರುವ ನೀಲಿ ರೈನ್‌ಕೋಟಿನಲ್ಲಿ, ಕಾಲು ನೆನೆಸಿಕೊಂಡು, ಅಂಗಡಿಯ ಮುಂದೆಯೇ ಬೇಕಂತಲೇ ಓಡಾಡಿದರು. ಅಧ್ಯಕ್ಷರು ದಿನವೂ ನಮಸ್ಕಾರ ಮಾಡುತ್ತಿದ್ದರು. ಮಾತು ಮಾತ್ರ ಬದಲಿಸಲಿಲ್ಲ.

ಅಮ್ಮನದೂ ಅದೇ ನಂಬಿಕೆ. ಮೊದಲ ಗಿರಾಕಿಯ ದುಡ್ಡು ಕಣ್ಣಿಗೊತ್ತಿ ಸೊಂಟದ ಸಂಚಿಗೆ ತುರುಕಿದರೆ ಮುಗಿಯಿತು, ಸಂಜೆಯ ತನಕ ಅದು ಹೊರಗೆ ಬರುವುದಿಲ್ಲ. ಈ ವಿಷಯದಲ್ಲಿ ಮಾತ್ರ ಅವರಿಬ್ಬರಿಗೂ ಒಂದೇ ಧರ್ಮ.

ಮುಂದಿನ ಸಭೆಗೂ ನಾನು ವಿಷಯ ಇಟ್ಟೆ. ಈ ಸಲ ಬೊಂಬಾಯಿ ಅಣ್ಣ ಗಂಟಲು ಸರಿ ಮಾಡಿಕೊಂಡರು.

"ಬೊಂಬೈಯಗೆ ಎಂತದೇ ಮಾಡೂಕೆ ಮುಂಚೆ ಪಬ್ಲಿಕ್ಕಿನ ಹತ್ರ ಕೇಂತ್ರ್. ಹೆಂಗ್ಸ್ರಿಗೆ ಬೇಕಾ ಅಂದೇಳಿ ಯಾರಾರೂ ಕೇಂಡಿರ್ಯಾ?"

ಈ ಮಾತು ಎಲ್ಲರಿಗೂ ಬಹಳ ಹಿಡಿಸಿತು. ಕೂಡಲೇ ಕೇಳಿಯೇ ಬಿಡೋಣ ಅಂತ ಒಂಬತ್ತೂ ಜನ ಮೆಟ್ಟಿಲಿಳಿದರು. ಗಿರಾಕಿಗಳು ತುಂಬಿರುವ ಹೊತ್ತು. ಎರಡು ಸಾಲು ಹೆಂಗಸರ ಮುಂದೆ ಒಂಬತ್ತು ಗಂಡಸರು ಹೆಣ್ಣು ನೋಡಲು ಬಂದವರ ಹಾಗೆ ಸಾಲಾಗಿ ನಿಂತರು. ಅಧ್ಯಕ್ಷರು ಮೇಲೆ ಶೀಟು ನೋಡಿದರು, ಕೆಳಗೆ ನೆಲ ನೋಡಿದರು.

"ನಿಮ್ಗೆಲ್ಲ... ಇಲ್ಲಿ ಕೂಕಂಬುಕೆ... ಎಂತಾರೂ ತೊಂದ್ರೆ ಇತ್ತಾ?"

"ಎಂತದೂ ಇಲ್ಲ," ಅಂದರು ಹೆಂಗಸರು, ಎಲ್ಲರೂ ಒಟ್ಟಿಗೆ. ಅಮ್ಮನೂ ಅಂದಳು. ನಾನು ಹಿಂದಿನಿಂದ ಕಣ್ಣು ದೊಡ್ಡದು ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. "ಬಂಗುಡೆ ಒಳ್ಳೇದಿತ್ತ್ ಅಧ್ಯಕ್ಷರೆ, ತಕಣಿ," ಅಂದಳು.

ಒಂಬತ್ತು ಜನರೂ ಕೈಯಲ್ಲಿ ಒಂದೊಂದು ಮೀನಿನ ಪ್ಲಾಸ್ಟಿಕ್ ತೊಟ್ಟೆ ಹಿಡಿದುಕೊಂಡು ಮೇಲೆ ಬಂದರು. ಹೆಂಗಸರಿಂದ ಬೇಡಿಕೆ ಇಲ್ಲ ಅಂತ ನಾನೇ ನನ್ನ ಕೈಯಾರೆ ನಡಾವಳಿಯಲ್ಲಿ ಬರೆಯಬೇಕಾಯಿತು. ಆ ಅಕ್ಷರ ಈಗ ನೋಡಿದರೂ ಪೆನ್ನು ಕಾಗದಕ್ಕೆ ಚುಚ್ಚಿದ್ದು ಕಾಣುತ್ತದೆ.

ಮನೆಗೆ ಬಂದು ಅಮ್ಮನ ಮೇಲೆ ಹಾರಿಬಿದ್ದೆ. ನಿನಗೋಸ್ಕರ ನಾನು ಇಷ್ಟೆಲ್ಲ ಮಾಡಿದರೆ ನೀನೇ ಕಾಲೆಳೆಯುವುದಾ ಅಂತ. ಅವಳು ಬುಟ್ಟಿ ತೊಳೆಯುತ್ತಿದ್ದಳು.

"ಗಂಡಸ್ರ್ ಸಾಲಾಗ್ ನಿಂತ್ಕಂಡ್ ಕೇಂಡ್ರೆ ಎಂತ ಹೇಳೂದ್ ಹೆಣೆ? ನಿನ್ ಮಾವನೂ ಇದ್ದ ಅಲ್ಲಿ."

ನಾನು ಅವಳ ಜಾಗದಲ್ಲಿದ್ದರೆ ನಾನೂ ಬಂಗುಡೆಯನ್ನೇ ತೋರಿಸುತ್ತಿದ್ದೆ.

ಆಮೇಲಿನ ಸಭೆಗಳಲ್ಲಿ ಅಡ್ಡಿಗಳು ಬಗೆಬಗೆಯಾಗಿ ಬಂದವು. ಪಶ್ಚಿಮಕ್ಕೆ ಕಟ್ಟಿದರೆ ಕಡಲಗಾಳಿಗೆ ವಾಸನೆ ಮಾರುಕಟ್ಟೆಗೆ ಬರುತ್ತದೆ. ಪೂರ್ವಕ್ಕೆ ಕಟ್ಟಿದರೆ ಹೆದ್ದಾರಿಯಲ್ಲಿ ಹೋಗುವವರಿಗೆ ಕಾಣುತ್ತದೆ, ಮರ್ಯಾದೆ ಹೋಗುತ್ತದೆ. ದಕ್ಷಿಣಕ್ಕೆ ಒಬ್ಬ ನಿರ್ದೇಶಕರ ಅಣ್ಣನ ಮನೆ, ಉತ್ತರಕ್ಕೆ ಇನ್ನೊಬ್ಬ ನಿರ್ದೇಶಕರ ತೋಟದ ಬೇಲಿ. ಹುಟ್ಟಿದಾಗಿನಿಂದ ಒಣಮೀನಿನ ನಡುವೆ ಬೆಳೆದ ಒಂಬತ್ತು ಜನ ಗಂಭೀರವಾಗಿ ವಾಸನೆಯ ಚರ್ಚೆ ಮಾಡಿದರು. ನಾನು ಕುಂದಾಪುರದ ಒಬ್ಬ ಇಂಜಿನಿಯರ್ ಹತ್ತಿರ ನಕ್ಷೆ ಮಾಡಿಸಿಕೊಂಡು ಬಂದೆ. ಅದನ್ನು ಕೈಯಿಂದ ಕೈಗೆ ದಾಟಿಸುವಾಗ ಎಲ್ಲರೂ ಬರೀ ಅಂಚನ್ನು ಹಿಡಿಯುತ್ತಿದ್ದರು. ಕೊನೆಗೆ ಅದೇ ಕಾಂಬ. ಎರಡು ಮಳೆಗಾಲ ಹೀಗೆ ಹೋಯಿತು. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮನಿಗೆ ಮತ್ತೆ ಸಣ್ಣಗೆ ಚಳಿ ಶುರುವಾಗಿತ್ತು. ಸಂಜೆ ಹೊತ್ತು ಒಲೆಯ ಹತ್ತಿರ ಹೋಗಿ ಕೂರುತ್ತಿದ್ದಳು, ಏನೂ ಇಲ್ಲ ಅನ್ನುತ್ತಿದ್ದಳು. ನನಗೆ ಹೆದರಿಕೆಯಾಯಿತು. ಅಷ್ಟು ದಿನ ಬರೀ ಸಿಟ್ಟಿತ್ತು, ಆಮೇಲೆ ರಾತ್ರಿ ನಿದ್ದೆ ಬರುವುದೂ ನಿಂತಿತು.

ಒಂದು ಸಂಜೆ ಅವಳ ಹತ್ತಿರ ಕೂತು ಸಭೆಯ ಕಥೆಯನ್ನೆಲ್ಲ ಹೇಳಿದೆ. ಯಾರು ಏನಂದರು, ನಾನು ಏನಂದೆ, ಎಷ್ಟು ಸಲ ಅಂದೆ. ಅವಳು ಪೂರ್ತಿ ಕೇಳಿದಳು.

"ನೀನ್ ವ್ಯಾಪಾರ ಮಾಡೂದೇ ತಪ್ಪ್," ಅಂದಳು. "ಗಿರಾಕಿ ಕಾಂಬ ಕಾಂಬ ಅಂತ ನಿಂತ್ರೆ ಬೆಲೆ ಹೇಳ್ತಾ ಕೂಕಂಬುಕಾಗ. ಬುಟ್ಟಿ ಮುಚ್ಕ್."

ಬುಟ್ಟಿ ಮುಚ್ಚುವುದು ಅಂದರೆ ಏನು ಅಂತ ನನಗೆ ಗೊತ್ತಿತ್ತು. ಮಾರುಕಟ್ಟೆಯಲ್ಲಿ ಕೂರುವ ಮೊದಲು ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದ ಕಾಲದಲ್ಲಿ ನಾನು ಅವಳ ಹಿಂದೆ ನಡೆದವಳು. ಅಂಗಳದಲ್ಲಿ ಗಿರಾಕಿ ಮೀನನ್ನು ಎತ್ತಿ, ಕಿವಿರು ಬಿಡಿಸಿ, ಮೂಗು ಮುರಿದು, ಬೇಡದವರ ಹಾಗೆ ನಿಂತರೆ ಅಮ್ಮ ವಾದ ಮಾಡುತ್ತಿರಲಿಲ್ಲ. ಬುಟ್ಟಿಗೆ ಅಡಿಕೆಹಾಳೆ ಮುಚ್ಚಿ, ತಲೆಗೆ ಸಿಂಬಿ ಇಟ್ಟು, ಆಚೆ ಮನೆಯವರು ಕಾಯುತ್ತಿದ್ದಾರೆ ಅಂತ ಹೇಳಿ ಹೊರಡುತ್ತಿದ್ದಳು. ಬೇಲಿಯ ದಣಪೆ ದಾಟುವುದರೊಳಗೆ ಹಿಂದಿನಿಂದ ಕರೆ ಬರಲೇಬೇಕು. ಬರುತ್ತಿತ್ತು.

"ಮುಚ್ಚಿದ್ ಮೇಲೆ ತಿರ್ಗಿ ಕಾಂಬುಕಾಗ," ಅಂದಳು ಅಮ್ಮ. "ಓಡೂಕೂ ಆಗ. ಅವ್ರಿಗೆ ಕರೂಕೆ ಹೊತ್ತ್ ಕೊಡ್ಕ್."

ಮುಂದಿನ ಸಭೆಯಲ್ಲಿ ಗೋಳಿಬಜೆ ಇನ್ನೂ ಅರ್ಧ ಇರುವಾಗಲೇ ನಾನು ಎದ್ದು ನಿಂತೆ.

"ಕಡೀಗೊಂದ್ ವಿಷ್ಯ," ಅಂದೆ. "ಆ ಹಳೀ ಪ್ರಸ್ತಾಪ ಇತ್ತಲ್ದಾ, ಅದನ್ನ ನಾ ವಾಪಸ್ ತಕಂತೆ. ಇನ್ ಅದರ ಸುದ್ದಿ ತೆಗೂದಿಲ್ಲ."

ಅಧ್ಯಕ್ಷರ ಮುಖದಲ್ಲಿ ಮೊದಲು ಸಮಾಧಾನ ಕಂಡಿತು, ಅದರ ಹಿಂದೆಯೇ ಅನುಮಾನ. "ಎಂತಕ್ಕೆ?"

"ಬ್ಯಾಡದ್ದನ್ನ ಎಷ್ಟ್ ದಿನ ಹೊತ್ಕಂಡ್ ತಿರ್ಗೂದ್?"

"ಬ್ಯಾಡ ಅಂದದ್ ಯಾರ್? ಕಾಂಬ ಅಂದದ್ದಲ್ದಾ."

"ಅಡ್ಡಿಲ್ಲ ಅಧ್ಯಕ್ಷರೆ. ತೆಕ್ಕಟ್ಟೆ ಬದಿ ಸೊಸೈಟಿಯವ್ರ್ ನಮ್ ನಕ್ಷೆ ಕೇಂತಿದ್ರ್. ಅವ್ರಿಗೆ ಕೊಟ್ಬಿಡ್ತೆ. ಅವ್ರಾರೂ ಮೊದ್ಲ್ ಕಟ್ಲಿ."

ತೆಕ್ಕಟ್ಟೆ ಕಡೆಯಿಂದ ಯಾರೂ ಏನೂ ಕೇಳಿರಲಿಲ್ಲ. ಅಮ್ಮನ ಆಚೆ ಮನೆಯವರು ಎಷ್ಟು ಕಾಯುತ್ತಿದ್ದರೋ ಇವರೂ ಅಷ್ಟೇ ಕಾಯುತ್ತಿದ್ದರು. ಇದರ ಬಗ್ಗೆ ನನಗೆ ಅವತ್ತೂ ಬೇಜಾರಾಗಲಿಲ್ಲ, ಇವತ್ತೂ ಇಲ್ಲ. ನಕ್ಷೆ ಮಡಚಿದೆ, ಫೈಲಿನೊಳಗಿಟ್ಟು ದಾರ ಕಟ್ಟಿದೆ, ಕಂಕುಳಲ್ಲಿ ಇಟ್ಟುಕೊಂಡು ಬಾಗಿಲು ದಾಟಿದೆ. ಒಂದೊಂದೇ ಮೆಟ್ಟಿಲು ಇಳಿದೆ, ಓಡಲಿಲ್ಲ. ತಿರುಗಿ ನೋಡಲಿಲ್ಲ. ಒಂದು ಮೆಟ್ಟಿಲಲ್ಲಿ ನಿಂತು ಸುಮ್ಮನೆ ಸೆರಗು ಸರಿ ಮಾಡಿಕೊಂಡೆ. ಮೇಲೆ ಕುರ್ಚಿಗಳು ಸರಿದ ಸದ್ದಾಯಿತು.

"ಅರೆ, ನಕ್ಷೆ ನಮ್ದ್, ಕಟ್ಟೂದ್ ಅವ್ರಾ?" ಇದು ಬೊಂಬಾಯಿ ಅಣ್ಣನ ದನಿ. "ಯೇ ಕ್ಯಾ ಬಾತ್ ಹೈ."

"ಹೋದ್ ವರ್ಷ ಐಸಿನ ಫ್ಯಾಕ್ಟ್ರಿಯೂ ಅವ್ರೇ ಮೊದ್ಲ್ ಮಾಡಿದ್ರ್," ಅಂದರು ಯಾರೋ. ಆರು ಜನರಲ್ಲಿ ಒಬ್ಬರು. ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲ ಸಲ.

ಆಮೇಲೆ ಮೆಟ್ಟಿಲ ಮೇಲಿನಿಂದ ಮಾವನ ಕರೆ ಬಂತು. "ಹ್ವಾಯ್, ಹೆಣೆ, ನಿಲ್ಲ್ ಮಾರಾಯ್ತಿ. ಮೇಲ್ ಬಾ."

ಎಷ್ಟೋ ಅಂಗಳದಲ್ಲಿ ಅಮ್ಮನ ಬೆನ್ನಿಗೆ ಬಿದ್ದ ಅದೇ ಹ್ವಾಯ್. ನಗು ನುಂಗಿಕೊಂಡು, ಬೇಡದ ಮುಖ ಮಾಡಿಕೊಂಡು ಮೇಲೆ ಹೋದೆ. ತಟ್ಟೆಯಲ್ಲಿ ಉಳಿದ ಗೋಳಿಬಜೆ ಮುಗಿಯುವ ಮೊದಲೇ ಶೌಚಾಲಯ ಮಂಜೂರಾಯಿತು. ದಕ್ಷಿಣದ ಅಣ್ಣನ ಮನೆ ಸಾಕಷ್ಟು ದೂರವೇ ಇದೆ ಅಂತ ಆ ತಮ್ಮನೇ ಹೇಳಿದರು. ಕಲ್ಲಿನ ಮೇಲೆ ಹೆಸರು ಹಾಕಿಸುವುದಾ ಅಂತ ನಾನು ವಿನಯದಿಂದ ಕೇಳಿದೆ. ಒಂಬತ್ತೂ ಜನ ಒಟ್ಟಿಗೆ ಬೇಡ ಅಂದರು. ನಮ್ಮ ಕಡೆ ಯಾರ ಹೆಸರೂ ಇಲ್ಲದೆ ಎದ್ದ ಸಾರ್ವಜನಿಕ ಕಟ್ಟಡ ಬಹುಶಃ ಅದೊಂದೇ.

ನಾನು ನಿರ್ಣಯ ಬರೆದು ಮುಗಿಸುವಾಗ ಅಧ್ಯಕ್ಷರು ಒಂದು ಬೆರಳೆತ್ತಿದರು. "ಒಂದ್ ಕಂಡೀಷನ್. ಹೆದ್ದಾರಿ ಬದಿ ಜಾಗ, ಬಸ್ಸಿಂದ ಇಳ್ದವ್ರೆಲ್ಲ ನುಗ್ಗಿ ಗಲೀಜ್ ಮಾಡ್ತ್ರ್. ಬೀಗ ಹಾಕ್ಕ್. ಕೀ ನಮ್ ಅಂಗ್ಡಿಯಗೆ ಇರ್ಲಿ. ಬೇಕಾದವ್ರ್ ಬಂದ್ ತಕಂಡ್ ಹೋಯ್ಲಿ."

ಎಲ್ಲರೂ ಸರಿ ಸರಿ ಅಂದರು. ನಾನು ಆ ಬೆಂಚನ್ನು ನೆನೆಸಿಕೊಂಡೆ. ಪೇಪರು ಓದುವ ಗಂಡಸರ ಎದುರಿಗೆ ಅಮ್ಮ ಹೋಗಿ ನಿಂತು, ಅಧ್ಯಕ್ಷರೆ, ಕೀ ಕೊಡಿ ಅನ್ನಬೇಕು. ಅನ್ನುತ್ತಾಳಾ ಅವಳು? ಸತ್ತರೂ ಇಲ್ಲ. ಬಾಗಿಲು ಮಂಜೂರಾಯಿತು, ಒಳಗೆ ಹೋಗುವುದು ಮಂಜೂರಾಗಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಡುತ್ತಿದ್ದೆನೇನೋ, ಮಾವ ಮೇಜಿನಡಿಯಲ್ಲಿ ನನ್ನ ಕಾಲು ತುಳಿದರು.

"ಸಿಕ್ಕಿದ್ದ್ ತಕೊ," ಅಂದರು ಮೆಲ್ಲಗೆ.

ಇಲಾಖೆಯ ಒಪ್ಪಿಗೆ, ಟೆಂಡರು, ಜಲ್ಲಿ, ಸಿಮೆಂಟು ಅಂತ ಇನ್ನೂ ಒಂದು ಮಳೆಗಾಲ ಕಳೆಯಿತು. ನಮ್ಮ ಮಂಡಳಿಯ ಮುಂದೆ ಅದೆಲ್ಲ ಏನೂ ಅಲ್ಲ. ಕಟ್ಟಡ ಎದ್ದಿತು: ಎರಡು ಕೋಣೆ, ಹೊರಗೊಂದು ನಲ್ಲಿ, ಎಲ್ಲಕ್ಕೂ ಸೇರಿ ಒಂದು ಕಬ್ಬಿಣದ ಬಾಗಿಲು. ಬಾಗಿಲಿಗೆ ಬೀಗ. ನಾನು ಅದನ್ನು ನೋಡಿದಾಗೆಲ್ಲ ಉರಿದುಬೀಳುತ್ತಿದ್ದೆ. ಕೀಯ ಸುದ್ದಿ ಅಮ್ಮನಿಗೂ ಗೊತ್ತಿತ್ತು. ಉದ್ಘಾಟನೆಗೆ ವಾರವಿರುವಾಗ ಒಮ್ಮೆ ಕೇಳಿದಳು.

"ಕೀ ಕೊಡೂದ್ ಯಾರ್?"

"ಅಧ್ಯಕ್ಷರು. ತಟ್ಟೆಯಗೆ ಇಟ್ಟ್ ಮಾರ್ಕೆಟ್ಟಿನ ಹಿರಿಯರಿಗೆ ಕೊಡೂದ್, ಅವ್ರ್ ಬಾಗ್ಲ್ ತೆಗೂದ್, ಫೋಟೋ. ಹಿರಿಯಳ್ ನೀನೇ."

"ಎಷ್ಟ್ ಹೊತ್ತಿಗೆ?"

"ಹತ್ತ್ ಗಂಟಿಗೆ."

"ಬ್ಯಾಡ. ಬೆಳಿಗ್ಗೆ ಇಡ್. ಅವ್ರ್ ಅಂಗ್ಡಿ ಬಾಗ್ಲ್ ತೆಗೂಕೆ ಮುಂಚೆ."

ವ್ಯಾಪಾರದ ಹೊತ್ತು ಹಾಳಾಗಬಾರದು ಅಂತ ಹೇಳುತ್ತಿದ್ದಾಳೆ ಅಂದುಕೊಂಡೆ. ಅಧ್ಯಕ್ಷರಿಗೂ ಹಾಗೆಯೇ ಹೇಳಿದೆ, ಅವರೂ ಒಪ್ಪಿದರು.

ಆ ಬೆಳಿಗ್ಗೆ ಎಲ್ಲರೂ ಬಂದಿದ್ದರು. ಹೆಂಗಸರು ಬುಟ್ಟಿ ಇಳಿಸಿ ಗುಂಪಾಗಿ ನಿಂತಿದ್ದರು. ರೈನ್‌ಕೋಟಿನ ಮಾಷ್ಟ್ರನ್ನು ಊರಿನ ಹಿರಿಯರು ಅಂತ ನಾನೇ ಕರೆದಿದ್ದೆ. ಅಧ್ಯಕ್ಷರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಭಾಷಣ ಮಾಡಿದರು. ಈ ಕಟ್ಟಡ ಅಂದರು, ಈ ಸೌಲಭ್ಯ ಅಂದರು, ಈ ವ್ಯವಸ್ಥೆ ಅಂದರು. ಶುರುವಿನಿಂದ ಕೊನೆಯ ತನಕ ಆ ಒಂದು ಶಬ್ದಕ್ಕೆ ಕಾಲು ತಾಗದ ಹಾಗೆ ದಾಟಿಕೊಂಡು ಹೋದರು. ಮಾತು ಮುಗಿಸಿ, ಅರಿಶಿನ ಕುಂಕುಮದ ತಟ್ಟೆಯಲ್ಲಿ ಇಟ್ಟಿದ್ದ ಕೀಯನ್ನು ಅಮ್ಮನ ಮುಂದೆ ಹಿಡಿದರು.

ಅಮ್ಮ ಕೀ ತೆಗೆದುಕೊಂಡಳು. ಎಡಗೈಯಿಂದ ಸೊಂಟದ ಸಂಚಿ ಬಿಚ್ಚಿ, ಒಂದು ರೂಪಾಯಿಯ ನಾಣ್ಯ ತೆಗೆದು, ಬಲಗೈಗೆ ಬದಲಿಸಿ, ಅಧ್ಯಕ್ಷರ ಅಂಗೈಯಲ್ಲಿ ಇಟ್ಟಳು.

"ಬೋಣಿ ಅಧ್ಯಕ್ಷರೆ," ಅಂದಳು.

ಮೂವತ್ತು ವರ್ಷ ಅಂಗಡಿ ನಡೆಸಿದ ಕೈ ಅದು. ಅಧ್ಯಕ್ಷರು ಯೋಚನೆ ಮಾಡುವುದಕ್ಕಿಂತ ಮೊದಲೇ ಆ ಕೈ ತನ್ನಷ್ಟಕ್ಕೆ ಮೇಲೆದ್ದಿತು. ನಾಣ್ಯವನ್ನು ಬಲಗಣ್ಣಿಗೆ ಒತ್ತಿಕೊಂಡರು, ಎಡಗಣ್ಣಿಗೆ ಒತ್ತಿಕೊಂಡರು, ಅಂಗಿಯ ಜೇಬಿಗೆ ಹಾಕಿದರು. ಫೋಟೋದವನು ಅದನ್ನೇ ಹಿಡಿದ. ಅಷ್ಟರಲ್ಲಿ ಅಮ್ಮ ಬೀಗ ತೆಗೆದು, ಬಾಗಿಲು ದೂಡಿ, ಕೀಯನ್ನು ತಾನೂ ಎರಡು ಕಣ್ಣಿಗೆ ಒತ್ತಿಕೊಂಡು ಸಂಚಿಯೊಳಗೆ ಸೇರಿಸಿ ದಾರ ಎಳೆದಿದ್ದಳು.

ಅಧ್ಯಕ್ಷರು ಕೈ ಚಾಚಿದರು. "ಕೀ?"

"ತಿರ್ಗಿ ಕೊಟ್ರೆ ನಿಮ್ಗೂ ಒಳ್ಳೇದಲ್ಲ," ಅಂದಳು ಅಮ್ಮ, "ನಂಗೂ ಒಳ್ಳೇದಲ್ಲ."

ಮೊದಲು ನಕ್ಕದ್ದು ಮಾಷ್ಟ್ರು. ಒಂದು ಮಳೆಗಾಲದಷ್ಟು ನಗುವನ್ನು ಅವರು ಒಳಗೆ ಇಟ್ಟುಕೊಂಡಿದ್ದರು ಅಂತ ಕಾಣುತ್ತದೆ. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಮಾವ ಆಕಾಶ ನೋಡಿದರು, ಆದರೆ ಅವರ ಹೊಟ್ಟೆ ಕುಣಿಯುತ್ತಿತ್ತು. ಅಧ್ಯಕ್ಷರು ಜೇಬು ಮುಟ್ಟಿಕೊಂಡರು. ನಾಣ್ಯ ತೆಗೆದು ವಾಪಸು ಕೊಟ್ಟರೆ ಕೀ ಸಿಗುತ್ತದೆ ಅಂತ ಅವರಿಗೂ ಗೊತ್ತಿತ್ತು. ಕೊಡಲು ಅವರಿಂದ ಆಗಲಿಲ್ಲ. ಕಡೆಗೆ ಅವರೂ ನಕ್ಕರು, ಸ್ವಲ್ಪ ಹುಳಿಯಾಗಿ.

"ನಿಂಗೇ ಇರ್ಲಿ ಮಾರಾಯ್ತಿ," ಅಂದರು. "ಒಂದ್ ರೂಪಾಯಿಗೆ ನೀವೆಲ್ಲ ಸೇರಿ ಸೊಸೈಟಿನೇ ಬರ್ಕಂಡ್ರಿ."

ಬಾಗಿಲು ತೆರೆದಿತ್ತು. ಯಾರೂ ಒಳಗೆ ಹೋಗಲಿಲ್ಲ. ಹೋಗುವುದಾದರೂ ಹೇಗೆ, ಒಂಬತ್ತು ಗಂಡಸರೂ ಫೋಟೋದವನೂ ಅಲ್ಲೇ ನಿಂತಿದ್ದರು. ಅಮ್ಮ ಒಮ್ಮೆ ಅವರನ್ನೆಲ್ಲ ನೋಡಿದಳು.

"ಇನ್ ಹೋಯ್ನಿ," ಅಂದಳು. "ಅಂಗ್ಡಿ ಬಾಗ್ಲ್ ತೆಗಿನಿ. ಇದೆಂತ ಕೂಕಂಡ್ ಕಾಂಬು ಆಟ ಅಲ್ಲ."

ಗಂಡಸರು ಚದುರಿದರು. ನಾನೂ ಮೇಲೆ ಆಫೀಸಿಗೆ ಹೋದೆ. ಉದ್ಘಾಟನೆಯ ಗೋಳಿಬಜೆಯ ಲೆಕ್ಕ ಬರೆಯುವುದಿತ್ತು.

ಬಿಸಿಲು ಏರಿದ ಮೇಲೆ ಕಿಟಕಿಯಿಂದ ಕೆಳಗೆ ನೋಡಿದೆ. ಅಮ್ಮನ ಜಾಗ ಖಾಲಿ. ಪಕ್ಕದ ಹೆಂಗಸು ಅವಳ ಗಿರಾಕಿಯನ್ನು ನೋಡಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಅಮ್ಮ ಹಿಂದಿನಿಂದ ಬಂದಳು, ಕೈ ಒರೆಸಿಕೊಳ್ಳುತ್ತಾ, ಯಾವ ಗಡಿಬಿಡಿಯೂ ಇಲ್ಲದೆ. ಕೂತು, ಸಂಚಿಯಿಂದ ಕೀ ತೆಗೆದು ಪಕ್ಕದವಳ ಕೈಗೆ ಕೊಟ್ಟಳು. ಆಮೇಲೆ ತಲೆ ಎತ್ತಿ ಕಿಟಕಿಯ ಕಡೆ ನೋಡಿದಳು.

"ಹೆಣೆ, ಕುಡೂಕೆ ನೀರಿತ್ತಾ?"

ಆಫೀಸಿನ ಹೂಜಿಯಿಂದ ದೊಡ್ಡ ಚೊಂಬಿನಲ್ಲಿ ತುಂಬಿಸಿಕೊಂಡು ಇಳಿದೆ. ಗಡಿಬಿಡಿಯಲ್ಲಿ ಮೆಟ್ಟಿಲ ಮೇಲೆಲ್ಲ ಚೆಲ್ಲಿತು. ಅವಳು ಚೊಂಬು ಎತ್ತಿ, ಅರ್ಧ ದಾರಿಯಲ್ಲಿ ಒಮ್ಮೆ ಉಸಿರು ಬಿಟ್ಟು, ಮತ್ತೆ ಕುಡಿದಳು. ಹಗಲು ಹೊತ್ತಿನಲ್ಲಿ, ಬುಟ್ಟಿಯ ಮುಂದೆ ಕೂತು ಅಮ್ಮ ನೀರು ಕುಡಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕುಡಿದು, ತಳದಲ್ಲಿ ಉಳಿದದ್ದನ್ನು ಬೊಗಸೆಗೆ ಹಾಕಿಕೊಂಡು ಬಂಗುಡೆಯ ಮೇಲೆ ಚಿಮುಕಿಸಿದಳು.